ಉದ್ದಗೂದಲ ಜರ್ಮನ್ ಶೆಫರ್ಡ್ ನಾಯಿಯನ್ನು ಪ್ರದರ್ಶನಕ್ಕೆ ಅಣಿಗೊಳಿಸುವುದು

ತೋಟದ ಮನೆಯ ಕಾವಲಿಗೆಂದು ಜರ್ಮನ್ ಶೆಫರ್ಡ್ ನಾಯಿ ಸಾಕುವ ರೈತರು ಕಡಿಮೆಯೇನಿಲ್ಲ. ಹಳಬರು ಇದನ್ನೇ ಅಲ್ಸೇಷಿಯನ್ ಎನ್ನುವುದುಂಟು. ಇವುಗಳಲ್ಲಿ ಮೈತುಂಬ ಉದ್ದ ಕೂದಲಿರುವ ನಾಯಿಯನ್ನು ಕಂಡವರು ಮನಸೋಲುವುದು ಸಹಜ. ಈ ಆಸೆಯನ್ನು ಅರಿತ ಮಾರಾಟಗಾರರು ಅಂತಹ ಮರಿಗಳಿಗೆ 'ಡಬಲ್ ಕೋಟ್' ಎಂದು ಹೆಸರಿಟ್ಟು ಹೆಚ್ಚು ಬೆಲೆ ಹೇಳುತ್ತಾರೆ. ಮರಿ ಬೆಳೆದು ನಾಲ್ಕು ಜನ ಮೆಚ್ಚಿದ ಮೇಲೆ ಅದನ್ನು ಶ್ವಾನ ಪ್ರದರ್ಶನಕ್ಕೆ ಒಯ್ಯಬೇಕೆಂಬ ಹಂಬಲ ಹುಟ್ಟುತ್ತದೆ. ಅನೇಕರಿಗೆ ನಿರಾಶೆಯಾಗುವುದು ಅಲ್ಲಿಯೇ. ಮನೆಯಂಗಳದಲ್ಲಿ ಸಿಂಹದಂತೆ ಕಾಣುತ್ತಿದ್ದ ನಾಯಿಯ ಮೈಮೇಲೆ ತೀರ್ಪುಗಾರರು ಕೈಯಾಡಿಸಿದೊಡನೆ ಕೂದಲ ಅಡಿಯ ಬಡಕಲು ಮೈ, ಸಿಕ್ಕುಗಟ್ಟಿದ ತೊಡೆಸಂದು, ಉಣ್ಣಿ ಕಚ್ಚಿದ ಗಾಯ ಹೊರಬೀಳುತ್ತವೆ. ಉದ್ದಗೂದಲ ನಾಯಿಯ ಸಿದ್ಧತೆಯ ಮುಕ್ಕಾಲು ಪಾಲು, ಕೂದಲು ಮರೆಮಾಡಿರುವುದನ್ನು ಯಜಮಾನನೇ ಮೊದಲು ಕಂಡುಹಿಡಿದು ಸರಿಪಡಿಸುವುದರಲ್ಲಿದೆ.

'ಡಬಲ್ ಕೋಟ್' ಎಂಬ ಮಾತು

ವಾಸ್ತವವಾಗಿ ಈ ತಳಿಯ ಎಲ್ಲ ನಾಯಿಗಳಿಗೂ, ಕೂದಲು ಗಿಡ್ಡವಿರಲಿ ಉದ್ದವಿರಲಿ, ಎರಡು ಪದರದ ಕೂದಲಿರಬೇಕು. ಹೊರಗೂದಲು ಮಳೆಯನ್ನೂ ಮುಳ್ಳುಕಂಟಿಯನ್ನೂ ತಡೆಯುತ್ತದೆ. ಒಳಗಿನ ಒತ್ತಾದ ಮೆತ್ತನೆಯ ಕೂದಲು ಚಳಿಯನ್ನು ತಡೆಯುತ್ತದೆ. ಆದುದರಿಂದ ಡಬಲ್ ಕೋಟ್ ಎಂಬ ಹೆಸರಿಗಾಗಿ ಹೆಚ್ಚು ಹಣ ತೆರಬೇಕಾದ ಕಾರಣವಿಲ್ಲ.

ಕೂದಲು ಉದ್ದವಾಗುವುದು ಬೇರೆಯೇ ಒಂದು ಗುಣ. ಎಫ್‌ಜಿಎಫ್-5 ಎಂಬ ವಂಶವಾಹಿಯ ವ್ಯತ್ಯಾಸದಿಂದ ನಾಯಿಗಳಲ್ಲಿ ಕೂದಲು ಉದ್ದವಾಗುತ್ತದೆಂದು 2006ರಲ್ಲಿ ವಿಜ್ಞಾನಿಗಳು ತೋರಿಸಿದರು. ಜರ್ಮನ್ ಶೆಫರ್ಡ್‌ನಲ್ಲಿ ಈ ಗುಣ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮರಿಯಲ್ಲಿ ಕಾಣಿಸಿಕೊಳ್ಳುತ್ತದೆ. ಗಿಡ್ಡಗೂದಲ ಗಂಡು ಹೆಣ್ಣುಗಳೆರಡೂ ಇದನ್ನು ಒಳಗೊಳಗೇ ಹೊತ್ತಿದ್ದರೆ ಹುಟ್ಟುವ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೆ ಒಂದು ಉದ್ದಗೂದಲಿನದಾಗಬಹುದು. ಇಬ್ಬರೂ ಉದ್ದಗೂದಲಿನವರಾದರೆ ಮರಿಗಳೆಲ್ಲವೂ ಹಾಗೆಯೇ ಹುಟ್ಟುತ್ತವೆ. ಒಂದೂವರೆ ತಿಂಗಳ ಹೊತ್ತಿಗೆ ಕಿವಿಯ ಬುಡದಲ್ಲಿ ಮತ್ತು ಕಾಲಿನ ಹಿಂಬದಿಯಲ್ಲಿ ಕಾಣುವ ಕೂದಲ ಕುಚ್ಚು ಇದರ ಗುರುತು. ಮಾರುವವನ ಮಾತಿಗಿಂತ ಈ ಕುಚ್ಚನ್ನೂ ಸಾಧ್ಯವಾದರೆ ತಂದೆ ತಾಯಿಗಳನ್ನೂ ನೋಡಿ ಮರಿ ಆರಿಸುವುದು ಮೇಲು.

ಪ್ರದರ್ಶನದಲ್ಲಿ ಇವಕ್ಕೆ ಸ್ಥಾನ

ಜರ್ಮನಿಯ ಕುರಿಗಾಹಿಗಳ ನಾಯಿಗಳಿಂದ ಈ ತಳಿಯನ್ನು ರೂಪಿಸಿದವರು ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್. ತಳಿಯ ಸಂಘವು 1899ರಲ್ಲಿ ಸ್ಥಾಪನೆಯಾಯಿತು. ಕೆಲಸದ ನಾಯಿಗೆ ಉದ್ದ ಕೂದಲು ಅಡ್ಡಿಯೆಂದು ಬಗೆದು ಬಹುಕಾಲ ಇಂತಹವನ್ನು ತಳಿ ಬೆಳೆಸಲು ಬಳಸುತ್ತಿರಲಿಲ್ಲ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವು 2010ರಲ್ಲಿ ಹೊರಡಿಸಿದ ಮಾನದಂಡವು ಗಿಡ್ಡಗೂದಲು, ಉದ್ದಗೂದಲು ಎಂಬ ಎರಡು ಬಗೆಗಳನ್ನೂ ಒಪ್ಪಿತು. ಆದರೆ ಒಂದು ಷರತ್ತು: ಉದ್ದಗೂದಲ ಅಡಿಯಲ್ಲಿ ಒಳಗೂದಲು ಇರಲೇಬೇಕು. ಬೆನ್ನಮೇಲೆ ಬೈತಲೆ ತೆಗೆದಂತೆ ಎರಡು ಪಕ್ಕಕ್ಕೂ ಜೋತುಬೀಳುವ ರೇಶಿಮೆಯಂತಹ ಒಂಟಿ ಪದರದ ಕೂದಲು ನೋಡಲು ಚೆಂದ. ಮಳೆಯಲ್ಲಿ ನೀರು ನೇರವಾಗಿ ಚರ್ಮಕ್ಕಿಳಿಯುತ್ತದೆ, ಮಾನದಂಡಕ್ಕೂ ಒಪ್ಪುವುದಿಲ್ಲ.

ಒಂದೇ ತಳಿಗೆ ಮೀಸಲಾದ ಪ್ರದರ್ಶನಕ್ಕೆ ಸ್ಪೆಷಾಲಿಟಿ ಷೋ ಎನ್ನುತ್ತಾರೆ. ಜರ್ಮನ್ ಸಂಘದ ಪದ್ಧತಿಯನ್ನು ಅನುಸರಿಸುವ ಕಡೆ ಗಂಡು, ಹೆಣ್ಣು, ವಯಸ್ಸು ಮತ್ತು ಕೂದಲಿನ ಬಗೆಗೆ ಅನುಸಾರವಾಗಿ ಬೇರೆ ಬೇರೆ ವರ್ಗಗಳಿರುತ್ತವೆ. 12ರಿಂದ 18 ತಿಂಗಳು, 18ರಿಂದ 24 ತಿಂಗಳು, 24 ತಿಂಗಳು ಮೀರಿದವು ಎಂಬುದು ದೊಡ್ಡ ನಾಯಿಗಳ ಮುಖ್ಯ ವಿಂಗಡಣೆ. ಅಮೆರಿಕದ ಮಾನದಂಡದಲ್ಲಿ ಅತಿ ಉದ್ದವಾದ ಹೊರಗೂದಲು ಇಂದಿಗೂ ದೋಷವೇ. ಆದ್ದರಿಂದ ಪ್ರವೇಶ ಶುಲ್ಕ ಕಟ್ಟುವ ಮುನ್ನ, ಉದ್ದಗೂದಲಿಗೆ ಪ್ರತ್ಯೇಕ ವರ್ಗವಿದೆಯೇ ಎಂದು ವ್ಯವಸ್ಥಾಪಕರನ್ನು ಕೇಳಿ ತಿಳಿಯತಕ್ಕದ್ದು. ನೋಂದಣಿ ಪತ್ರ, ಅದರಲ್ಲಿರುವ ಮೈಕ್ರೋಚಿಪ್ ಸಂಖ್ಯೆ, ಹುಚ್ಚುನಾಯಿ ರೋಗದ ಲಸಿಕೆಯ ಪ್ರಮಾಣಪತ್ರ ಸರಿಯಾಗಿರಬೇಕು. ಲಸಿಕೆಯ ಅವಧಿ ಮುಗಿಯುತ್ತ ಬಂದಿದ್ದರೆ ಪ್ರದರ್ಶನಕ್ಕೆ ತಿಂಗಳು ಮೊದಲೇ ಹಾಕಿಸುವುದು ಒಳ್ಳೆಯದು.

ಮೂರು ತಿಂಗಳು ಮೊದಲು

ಕೂದಲು ಒಂದು ವಾರದಲ್ಲಿ ಬರುವ ಬೆಳೆಯಲ್ಲ. ಹೆಣ್ಣುನಾಯಿ ಮರಿ ಹಾಕಿದ ಕೆಲವು ವಾರಗಳಲ್ಲಿ, ಹಾಗೆಯೇ ಬೆದೆಗೆ ಬಂದು ಮೂರು ನಾಲ್ಕು ತಿಂಗಳಾದ ಮೇಲೆ, ಕೂದಲನ್ನು ಹೇರಳವಾಗಿ ಉದುರಿಸುತ್ತದೆ. ಆ ಹೊತ್ತಿಗೆ ಬರುವ ಪ್ರದರ್ಶನವನ್ನು ಬಿಟ್ಟುಬಿಡುವುದೇ ಜಾಣತನ. ಯಾವ ಎಣ್ಣೆಯೂ ಯಾವ ಪುಡಿಯೂ ಉದುರಿದ ಕೂದಲನ್ನು ತಂದುಕೊಡಲಾರದು.

ಕೂದಲು ಬಹುಪಾಲು ಸಸಾರಜನಕದಿಂದಾದ ವಸ್ತು. ಬರೀ ರಾಗಿ ಮುದ್ದೆ, ಅನ್ನ, ನೀರು ಮಜ್ಜಿಗೆಯ ಮೇಲೆ ಬೆಳೆದ ನಾಯಿಯ ಕೂದಲು ಮಂಕಾಗಿ ತುದಿಯಲ್ಲಿ ಒಡೆಯುತ್ತದೆ. ಮುದ್ದೆಯನ್ನು ಬಿಡಬೇಕಾಗಿಲ್ಲ, ಅದರ ಜೊತೆ ಬೇಯಿಸಿದ ಮೊಟ್ಟೆ, ಮಾಂಸ ಅಥವಾ ಮುಳ್ಳು ತೆಗೆದ ಮೀನು ಸೇರಬೇಕು. ಹಸಿ ಮೊಟ್ಟೆಯ ಬಿಳಿಭಾಗವನ್ನು ದಿನವೂ ಕೊಡುತ್ತಿದ್ದರೆ ಕೂದಲಿಗೆ ಬೇಕಾದ ಬಯೋಟಿನ್ ಎಂಬ ಜೀವಸತ್ವ ಮೈಗೆ ಹತ್ತುವುದಿಲ್ಲ. ಈರುಳ್ಳಿ ಹಾಕಿದ ಸಾರನ್ನು ನಾಯಿಗೆ ಹಾಕಬಾರದು, ಅದು ರಕ್ತವನ್ನು ಕೆಡಿಸುತ್ತದೆ. ಜಂತುಹುಳುವಿನ ಔಷಧಿಯನ್ನು ಪಶುವೈದ್ಯರ ಸಲಹೆಯಂತೆ ಈ ಹಂತದಲ್ಲಿಯೇ ಕೊಡಿಸಬೇಕು. ವಾರಕ್ಕೊಮ್ಮೆ ಪಕ್ಕೆಲುಬಿನ ಮೇಲೆ ಬೆರಳಿಟ್ಟು ನೋಡುವುದು ರೂಢಿಯಾಗಲಿ. ತುಸು ಒತ್ತಿದರೆ ಎಲುಬು ಸಿಗಬೇಕು, ಆದರೆ ಕಡ್ಡಿಯಂತೆ ಎದ್ದಿರಬಾರದು. ಉದ್ದಗೂದಲ ನಾಯಿಯ ಮೈಕಟ್ಟನ್ನು ಕಣ್ಣಿನಿಂದ ಅಳೆಯಲು ಹೋದವರು ಮೋಸಹೋಗುತ್ತಾರೆ.

ಬಾಚುವ ಕ್ರಮ

ಮೇಲುಮೇಲೆ ಬಾಚಿದ ನಾಯಿ ಹೊಳೆಯುತ್ತದೆ, ಒಳಗೆ ಮಾತ್ರ ಗಂಟು ಉಳಿದಿರುತ್ತದೆ. ನಾಯಿಯನ್ನು ಒಂದು ಪಕ್ಕಕ್ಕೆ ಮಲಗಿಸಿ, ಹಿಂಗಾಲಿನ ಕೆಳಗಿನಿಂದ ಆರಂಭಿಸಿ, ಎಡಗೈಯಿಂದ ಕೂದಲನ್ನು ಮೇಲಕ್ಕೆ ಹಿಡಿದು ಚರ್ಮ ಕಾಣುವಂತೆ ಒಂದು ಗೆರೆ ಬಿಡಿಸಬೇಕು. ಆ ಗೆರೆಯ ಕೂದಲನ್ನು ಬುಡದಿಂದ ತುದಿಯವರೆಗೆ ಬಾಚಿ ಕೆಳಗೆ ಬಿಡಬೇಕು. ಆಮೇಲೆ ಅದರ ಮೇಲಿನ ಗೆರೆ. ಹುಲ್ಲು ಹೊದಿಸುವಾಗ ಕೆಳಗಿನ ಸಾಲಿನಿಂದ ಮೇಲಕ್ಕೆ ಹೋಗುವ ಹಾಗೆ. ಮೊದಲು ಅಗಲ ಹಲ್ಲಿನ ಲೋಹದ ಬಾಚಣಿಗೆ, ನಂತರ ತಂತಿ ಹಲ್ಲಿನ ಬ್ರಷ್ಷು ಸಾಕು. ಒಣ ಕೂದಲು ಮುರಿಯದಂತೆ ನೀರನ್ನು ತುಸು ಚಿಮುಕಿಸಿಕೊಳ್ಳಬಹುದು. ವಾರಕ್ಕೆ ಮೂರು ಸಲ, ಪ್ರತಿ ಸಲ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಲಾಗದವರು ಗಿಡ್ಡಗೂದಲ ನಾಯಿಯನ್ನೇ ಸಾಕುವುದು ಇಬ್ಬರಿಗೂ ಕ್ಷೇಮ.

ಕಿವಿಯ ಹಿಂಭಾಗ, ಮುಂಗಾಲಿನ ಕಂಕುಳು, ತೊಡೆಸಂದು, ಬಾಲದ ಬುಡ ಇವು ಸಿಕ್ಕುಗಟ್ಟುವ ಜಾಗಗಳು. ಬೇಲಿಯ ಸಾಲಿನ ಉತ್ತರಾಣಿ ಬೀಜ ಅಂಟಿಕೊಂಡರೆ ಒಂದೇ ದಿನದಲ್ಲಿ ಗಂಟಾಗುತ್ತದೆ. ಗಂಟನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿ, ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಬಾಚಣಿಗೆ ಹಾಯಿಸಬೇಕು. ಕತ್ತರಿಯನ್ನು ಚರ್ಮದ ಪಕ್ಕ ತಂದರೆ ಗಂಟಿನೊಡನೆ ಚರ್ಮವೂ ತುಂಡಾಗುವ ಅಪಾಯವಿದೆ. ಗಂಟು ಇರುವಾಗ ಸ್ನಾನ ಮಾಡಿಸಲೇಬಾರದು. ನೀರು ಬಿದ್ದ ಉಣ್ಣೆ ಬಿಗಿದುಕೊಂಡು ಕಂಬಳಿಯಾಗುವಂತೆ ಗಂಟೂ ಬಿಗಿಯುತ್ತದೆ.

ಬಾಚುವಾಗ ಚರ್ಮವನ್ನು ಓದುತ್ತ ಹೋಗಬೇಕು. ಮಳೆಗಾಲದಲ್ಲಿ ಬಾಲದಡಿಯ ಕೂದಲಿಗೆ ಸಗಣಿ ಮೆತ್ತಿಕೊಂಡು ನೊಣ ಮೊಟ್ಟೆಯಿಟ್ಟು ಹುಳು ಬೀಳುವುದುಂಟು. ಒದ್ದೆ ಆರದ ಒಳಗೂದಲ ಅಡಿಯಲ್ಲಿ ಒಂದೇ ರಾತ್ರಿಯಲ್ಲಿ ಕೆಂಪು ರಸಿಗೆಯ ಹುಣ್ಣು ಏಳಬಹುದು. ಮಲೆನಾಡಿನಲ್ಲಿ ಇಂಬಳ ಕಚ್ಚಿದ ಗಾಯ ಬೇರೆ. ಮೇಲಿನಿಂದ ಇವೊಂದೂ ಕಾಣುವುದಿಲ್ಲ.

ಉಣ್ಣಿಯ ವಿಷಯ

ಎಲ್ಲಕ್ಕಿಂತ ದೊಡ್ಡ ಶತ್ರು ಉಣ್ಣಿ. ಕಂದುಬಣ್ಣದ ನಾಯಿ ಉಣ್ಣಿಯು ಎರ್ಲಿಕಿಯಾ ಮತ್ತು ಬಬೇಸಿಯಾ ರೋಗಗಳನ್ನು ಹರಡುತ್ತದೆ. ಜ್ವರ, ಮೇವು ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಮೂಗಿನಿಂದ ರಕ್ತ, ಕಡುಬಣ್ಣದ ಮೂತ್ರ ಇವುಗಳಲ್ಲಿ ಯಾವುದು ಕಂಡರೂ ಪ್ರದರ್ಶನದ ಯೋಚನೆ ಬಿಟ್ಟು ಅಂದೇ ರಕ್ತಪರೀಕ್ಷೆ ಮಾಡಿಸಬೇಕು. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕತ್ತುಪಟ್ಟಿಯ ಅಡಿಯಲ್ಲಿ ದಿನವೂ ಹುಡುಕಬೇಕು. ನಾಯಿಮನೆಯ ಗೋಡೆಯ ಬಿರುಕುಗಳಲ್ಲಿ ಉಣ್ಣಿ ಮೊಟ್ಟೆಯಿಡುವುದರಿಂದ ಬಿರುಕು ಮುಚ್ಚಿಸದೆ ನಾಯಿಗೆ ಮಾತ್ರ ಔಷಧಿ ಹಾಕಿದರೆ ಮುಗಿಯದ ಕೆಲಸ.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಬೆಳೆಗೆ ಸಿಂಪಡಿಸಿ ಉಳಿದ ಕೀಟನಾಶಕವನ್ನು ನೀರಿಗೆ ಬೆರೆಸಿ ನಾಯಿಗೆ ಎರೆಯುವ ಅಭ್ಯಾಸ ಕೆಲವೆಡೆ ಇದೆ. ಉದ್ದ ಕೂದಲು ವಿಷವನ್ನು ಹಿಡಿದಿಟ್ಟುಕೊಳ್ಳುತ್ತದೆ, ನಾಯಿ ಅದನ್ನು ನೆಕ್ಕುತ್ತದೆ. ಜೊಲ್ಲು, ನಡುಕ, ಸೆಳವು ಬಂದು ನಾಯಿ ಸಾಯಬಹುದು. ದನಕ್ಕೆ ತಂದ ಉಣ್ಣಿ ಔಷಧಿಯನ್ನೂ ಅಳತೆ ತಿಳಿಯದೆ ಹಾಕಬಾರದು. ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ತಾಳಿಕೊಳ್ಳಲಾರದ ವಂಶದೋಷ ಕೋಲಿ ತಳಿಯಲ್ಲಿ ಹೆಚ್ಚು. ಕೆಲವು ಜರ್ಮನ್ ಶೆಫರ್ಡ್‌ಗಳಲ್ಲೂ ಇದೆ. ನಾಯಿಯ ತೂಕ ನೋಡಿ ಪಶುವೈದ್ಯರು ಬರೆದುಕೊಟ್ಟದ್ದನ್ನೇ ಬಳಸಬೇಕು.

ಸ್ನಾನ ಮತ್ತು ಕತ್ತರಿ

ಪ್ರದರ್ಶನಕ್ಕೆ ಮೂರು ನಾಲ್ಕು ದಿನ ಮುಂಚೆ ಸ್ನಾನವಾಗಬೇಕು. ಹಿಂದಿನ ದಿನ ಮಾಡಿಸಿದರೆ ಕೂದಲು ಹತ್ತಿಯಂತೆ ಎದ್ದು ಹಾರಾಡುತ್ತದೆ. ಮೈಯ ಸಹಜ ಜಿಡ್ಡು ಮರಳಲು ಕೆಲವು ದಿನ ಬೇಕು. ಬಟ್ಟೆ ಸೋಪು, ಜನರ ಶಾಂಪೂ ಚರ್ಮವನ್ನು ಒಣಗಿಸುತ್ತವೆ. ನಾಯಿಯ ಶಾಂಪೂವನ್ನು ನೀರಿನಲ್ಲಿ ತೆಳುಮಾಡಿ, ಕಿವಿಗೆ ಹತ್ತಿಯಿಟ್ಟು, ಒಳಗೂದಲು ನೆನೆಯುವಂತೆ ಹಚ್ಚಿ, ತಿಳಿನೀರು ಇಳಿಯುವವರೆಗೆ ತೊಳೆಯಬೇಕು. ಟವೆಲಿನಿಂದ ಉಜ್ಜಿದರೆ ಮತ್ತೆ ಸಿಕ್ಕಾಗುತ್ತದೆ. ಒತ್ತಿ ನೀರು ಹೀರಿಸಿ, ಗಾಳಿಯಾಡುವ ನೆರಳಿನಲ್ಲಿ ಬಾಚುತ್ತ ಬುಡದವರೆಗೂ ಒಣಗಿಸಬೇಕು.

ಬೇರೆ ಕೆಲವು ತಳಿಗಳಂತೆ ಈ ತಳಿಗೆ ಕೂದಲನ್ನು ಕತ್ತರಿಸಿ ಆಕಾರ ಕೊಡುವ ಪದ್ಧತಿಯಿಲ್ಲ. ಉಗುರು ಕತ್ತರಿಸಿ, ಅಂಗಾಲಿನ ಮೆತ್ತೆಗಳ ನಡುವಿನ ಕೂದಲನ್ನು ಸಮಮಾಡಿದರೆ ಮುಗಿಯಿತು. ಬಣ್ಣ ಹಚ್ಚುವುದು ಮೋಸವೆನಿಸುತ್ತದೆ. ಬೇಸಿಗೆಯೆಂದು ಮೈ ಬೋಳಿಸುವವರೂ ಇದ್ದಾರೆ. ಅದರಿಂದ ಬಿಸಿಲು ನೇರ ಚರ್ಮಕ್ಕೆ ತಗಲುತ್ತದೆ, ಮತ್ತೆ ಬರುವ ಕೂದಲು ತೇಪೆ ತೇಪೆಯಾಗಬಹುದು. ಸತ್ತ ಒಳಗೂದಲನ್ನು ಬಾಚಿ ತೆಗೆದರೆ ಗಾಳಿ ತಾನಾಗಿ ಆಡುತ್ತದೆ.

ಕಣದಲ್ಲಿ

ಮಾನದಂಡದ ಪ್ರಕಾರ ಗಂಡು ನಾಯಿ 60ರಿಂದ 65 ಸೆಂಟಿಮೀಟರ್ ಎತ್ತರ, 30ರಿಂದ 40 ಕಿಲೋ ತೂಕವಿರಬೇಕು; ಹೆಣ್ಣು 55ರಿಂದ 60 ಸೆಂಟಿಮೀಟರ್, 22ರಿಂದ 32 ಕಿಲೋ. ತೀರ್ಪುಗಾರರು ಎತ್ತರ ಅಳೆದು, 42 ಹಲ್ಲುಗಳನ್ನೂ ದವಡೆಯ ಕೂಡುವಿಕೆಯನ್ನೂ ನೋಡಿ, ಗಂಡಿನಲ್ಲಿ ಎರಡು ವೃಷಣಗಳೂ ಕೆಳಗಿಳಿದಿವೆಯೇ ಎಂದು ಮುಟ್ಟಿ ಪರೀಕ್ಷಿಸುತ್ತಾರೆ. ಇದಕ್ಕೆ ಒಗ್ಗದ ನಾಯಿ ಗುರುಗುಟ್ಟಿದರೆ ಕೂದಲು ಎಷ್ಟಿದ್ದೂ ಫಲವಿಲ್ಲ. ಮನೆಯವರಲ್ಲದವರಿಂದ ವಾರಕ್ಕೆ ಎರಡು ಸಲವಾದರೂ ಬಾಯಿ ತೆರೆಸಿ ನೋಡಿಸುವುದು ಉತ್ತಮ ಅಭ್ಯಾಸ. ನಂತರ ದೀರ್ಘಕಾಲ ಓಟವಿರುತ್ತದೆ. ಬೆಳಗಿನ ತಂಪಿನಲ್ಲಿ, ಮಣ್ಣು ದಾರಿಯಲ್ಲಿ, ಸೈಕಲ್ಲಿನ ಪಕ್ಕ ಹದವಾದ ನಾಗಾಲೋಟಕ್ಕಿಂತ ನಿಧಾನದ ದುಡುಕು ನಡಿಗೆಯನ್ನು ದಿನೇ ದಿನೇ ಹೆಚ್ಚಿಸುತ್ತ ಬಂದ ನಾಯಿ ಮಾತ್ರ ಅದನ್ನು ತಡೆದುಕೊಳ್ಳುತ್ತದೆ. ಒಂದು ವರ್ಷ ತುಂಬದ ಮರಿಗೆ ಈ ಸೈಕಲ್ ಓಟ ಸಲ್ಲದು.

ಪ್ರಯಾಣ ನಸುಕಿನಲ್ಲಿಯೇ ಆಗಲಿ. ಮುಚ್ಚಿದ ವಾಹನದಲ್ಲಿ ನಾಯಿಯನ್ನು ಐದು ನಿಮಿಷವೂ ಬಿಡಬಾರದು. ತೀವ್ರ ಏದುಸಿರು, ಕಡುಗೆಂಪು ಒಸಡು, ತೂರಾಟ ಕಂಡರೆ ನೆರಳಿಗೆ ಒಯ್ದು ತಣ್ಣೀರನ್ನು ಕೂದಲ ಮೇಲೆ ಸುರಿದರೆ ಸಾಲದು. ಕೂದಲು ಬಿಡಿಸಿ ಚರ್ಮಕ್ಕೆ, ಹೊಟ್ಟೆಗೆ, ತೊಡೆಸಂದಿಗೆ ನೀರು ತಾಗಿಸಿ, ಗಾಳಿ ಹಾಕುತ್ತ ವೈದ್ಯರ ಬಳಿ ಸಾಗಿಸಬೇಕು.

ಪ್ರದರ್ಶನದ ಕಣದಲ್ಲಿ ಹಲವು ಊರಿನ ನಾಯಿಗಳು ಸೇರಿರುತ್ತವೆ. ಬಹುಮಾನ ಬರಲಿ ಬಿಡಲಿ, ಮನೆಗೆ ಮರಳಿದ ರಾತ್ರಿಯೇ ದೀಪದ ಬೆಳಕಿನಲ್ಲಿ ಮತ್ತೊಮ್ಮೆ ಗೆರೆ ಗೆರೆಯಾಗಿ ಬಾಚಿ ಉಣ್ಣಿ ಹುಡುಕಬೇಕು. ಮನೆಯಲ್ಲಿ ಲಸಿಕೆ ಪೂರ್ತಿಯಾಗದ ಎಳೆಮರಿಗಳಿದ್ದರೆ ಹತ್ತು ಹದಿನೈದು ದಿನ ಈ ನಾಯಿಯನ್ನು ಅವುಗಳಿಂದ ದೂರ ಕಟ್ಟಬೇಕು. ಹಾಕಿಕೊಂಡು ಹೋಗಿದ್ದ ಚಪ್ಪಲಿಯನ್ನೂ ತೊಳೆದೇ ಮರಿಗಳ ಬಳಿ ಹೋಗಬೇಕು.