ಬಾಣಂತಿಯ ಪಥ್ಯ ಕೂಸಿಗೆ ಕುತ್ತಾದೀತು

ಎರಡು-ಮೂರು ತಿಂಗಳ ಕೂಸು. ತಾಯಿಯ ಹಾಲು ಕುಡಿದು ಮೈಕೈ ತುಂಬಿಕೊಂಡಿರುತ್ತದೆ. ಇದ್ದಕ್ಕಿದ್ದಂತೆ ಹಾಲು ಬೇಡವೆನ್ನುತ್ತದೆ, ಕುಡಿದದ್ದನ್ನೂ ಕಕ್ಕುತ್ತದೆ. ಬಾಯಿ ತೆರೆದು ಅಳುತ್ತದೆ, ದನಿ ಮಾತ್ರ ಹೊರಡುವುದಿಲ್ಲ. ದೃಷ್ಟಿಯಾಗಿದೆಯೆಂದು ಮನೆಯವರು ನಿವಾಳಿಸುವಷ್ಟರಲ್ಲಿ ಏದುಸಿರು ಅಥವಾ ಫಿಟ್ಸ್ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ನಂಜು, ಮೆದುಳುಪೊರೆಯ ಉರಿಯೂತ, ಹುಟ್ಟಿನಿಂದ ಬಂದ ಹೃದ್ರೋಗ ಮುಂತಾದ ಕಾರಣಗಳಿರಬಹುದು. ಇವುಗಳ ನಡುವೆ ಮರೆತುಹೋಗುವ, ಆದರೆ ಬೇಗ ಗುಣಪಡಿಸಬಹುದಾದ ಕಾರಣವೊಂದಿದೆ. ಅದು ಥಯಾಮಿನ್, ಅಂದರೆ ಬಿ-1 ಜೀವಸತ್ವದ ಕೊರತೆ. ಇದನ್ನೇ ಶಿಶು ಬೆರಿಬೆರಿ ಎನ್ನುತ್ತೇವೆ.

ಕಾರಣವೇನು?

ಆಹಾರದ ಪಿಷ್ಟ ಶಕ್ತಿಯಾಗಿ ಮಾರ್ಪಡಲು ಥಯಾಮಿನ್ ಬೇಕು. ಮೆದುಳು, ಹೃದಯಗಳಿಗೆ ಹೆಚ್ಚು ಶಕ್ತಿ ಬೇಕಾದ್ದರಿಂದ ಪೆಟ್ಟು ಮೊದಲು ಅವಕ್ಕೆ. ದೇಹದಲ್ಲಿ ಇದರ ದಾಸ್ತಾನು ಎರಡು-ಮೂರು ವಾರಗಳಿಗಷ್ಟೇ ಸಾಲುತ್ತದೆ. ತಾಯಿಯಲ್ಲಿ ಕೊರತೆಯಿದ್ದರೆ ಅವಳ ಹಾಲಿನಲ್ಲೂ ಕೊರತೆ. ತಾಯಿ ಆರೋಗ್ಯವಂತೆಯಾಗಿ ಕಂಡರೂ ಕೈಕಾಲು ಜೋಮು ಹಿಡಿಯುವುದುಂಟು.

ನಮ್ಮ ಅನೇಕ ಮನೆಗಳಲ್ಲಿ ಬಾಣಂತಿಗೆ ಬಿಳಿ ಅನ್ನ, ಮೆಣಸಿನ ಸಾರು, ತುಪ್ಪ ಇಷ್ಟೇ ಊಟ. ಬೇಳೆ ವಾಯು, ತರಕಾರಿ ಶೀತ ಎಂದು ದೂರವಿಡುತ್ತಾರೆ. ಅಕ್ಕಿಯ ಥಯಾಮಿನ್ ಇರುವುದು ಹೆಚ್ಚಾಗಿ ತೌಡಿನಲ್ಲಿ. ಪಾಲಿಶ್ ಮಾಡಿದಾಗ ಅದು ಹೋಗುತ್ತದೆ. ಉಳಿದದ್ದರಲ್ಲೂ ಒಂದಷ್ಟು ಅಕ್ಕಿ ತೊಳೆದ ನೀರು, ಬಸಿದ ಗಂಜಿಯ ಪಾಲು. ಊಟದ ಮೇಲಿನ ಅಡಿಕೆ ಮತ್ತು ಅತಿಯಾದ ಚಹಾ ಈ ಜೀವಸತ್ವವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಭತ್ತವನ್ನು ಬೇಯಿಸಿ ತೆಗೆದ ಕುಚ್ಚಲಕ್ಕಿಯಲ್ಲಿ ಥಯಾಮಿನ್ ಕಾಳಿನೊಳಕ್ಕೆ ಇಳಿದು ಹೆಚ್ಚು ಉಳಿಯುತ್ತದೆ.

ಇದು ಹೊಸ ಸಂಗತಿಯಲ್ಲ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ ತೌಡುಸಹಿತ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಳ್ಳುವುದನ್ನೂ ಕಂಡ. 1929ರಲ್ಲಿ ಅವನಿಗೆ ನೊಬೆಲ್ ಬಂತು. 2003ರಲ್ಲಿ ಇಸ್ರೇಲಿನಲ್ಲಿ ಥಯಾಮಿನ್ ಇಲ್ಲದ ಸೋಯಾ ಶಿಶು ಆಹಾರ ಸೇವಿಸಿ ಕೂಸುಗಳು ಸತ್ತವು, ಬದುಕುಳಿದ ಕೆಲವು ಶಾಶ್ವತ ಊನಕ್ಕೊಳಗಾದವು.

ಚಿಕಿತ್ಸೆ

ಥಯಾಮಿನ್ ಇಂಜೆಕ್ಷನ್ ಅಗ್ಗದ್ದು. ಸಕಾಲದಲ್ಲಿ ಕೊಟ್ಟರೆ ಹೃದಯದ ತೊಂದರೆ ಅನೇಕ ವೇಳೆ ಗಂಟೆಗಳಲ್ಲೇ ಇಳಿಯತೊಡಗುತ್ತದೆ. ಆದ್ದರಿಂದ ಅನುಮಾನ ಬಂದರೆ ವೈದ್ಯರು ರಕ್ತಪರೀಕ್ಷೆಯ ವರದಿಗೆ ಕಾಯುವುದಿಲ್ಲ. ತಡವಾದರೆ ಜೀವಕ್ಕೇ ಅಪಾಯ. ಉಳಿದರೂ ಮೂರ್ಛೆ, ಬೆಳವಣಿಗೆಯ ಕುಂಠಿತ ಕಾಡಬಹುದು.

ಕೂಸಿನ ದನಿ ಕುಂದಿದರೆ, ಹಾಲು ಬಿಟ್ಟರೆ, ಉಸಿರಿನ ವೇಗ ಹೆಚ್ಚಿದರೆ, ರೆಪ್ಪೆ ಜೋತುಬಿದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಬಾಣಂತಿ ಏನು ಉಣ್ಣುತ್ತಿದ್ದಾಳೆಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿರಿ. ತಾಯಿಗೂ ಥಯಾಮಿನ್ ಬೇಕಾಗುತ್ತದೆ. ವೈದ್ಯರು ಹೇಳದ ಹೊರತು ಎದೆಹಾಲು ನಿಲ್ಲಿಸಬೇಡಿ.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಬಾಣಂತಿಗೆ ವಿಶ್ರಾಂತಿ, ಎಣ್ಣೆನೀರು, ಆರೈಕೆ ಎಲ್ಲವೂ ಇರಲಿ. ಊಟದ ಕಟ್ಟುಪಾಡು ಮಾತ್ರ ಬೇಡ. ತೊಗರಿಬೇಳೆ, ಹೆಸರುಕಾಳು, ರಾಗಿ, ಗೋಧಿ, ಕಡಲೆಕಾಯಿ, ಸೊಪ್ಪು, ರೂಢಿಯಿದ್ದವರಿಗೆ ಮೊಟ್ಟೆ, ಮೀನು ಅವಳ ತಟ್ಟೆಯಲ್ಲಿರಲಿ. ಈ ಆರು ತಿಂಗಳು ಅವಳು ಉಂಡದ್ದೇ ಕೂಸಿಗೂ ಊಟ.