ಕೆನಡಾದ ಮಾನವೀಯತೆಯ ಅರ್ಜಿ: ಕೇಳಿದ್ದೆಷ್ಟು, ಖರೆ ಎಷ್ಟು

ಸೊಲ್ಲಾಪುರ ಕಡೆಯ ಬೋರಿ ನದಿಯ ಕುರನೂರ ಡ್ಯಾಮಿನ ನೀರುಣ್ಣುವ ಹೊಲವನ್ನು ಒತ್ತೆ ಇಟ್ಟು ಮಗನನ್ನು ಕೆನಡಾಕ್ಕೆ ಓದಲು ಕಳಿಸುವ ಮನೆಯವರು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ವೀಸಾ ಮುಗಿದ ಮೇಲೆ ಏನು? "ಚಿಂತಿ ಬ್ಯಾಡ್ರಿ ಕಾಕಾ, ಮಾನವೀಯತೆ ಮ್ಯಾಲ ಅರ್ಜಿ ಹಾಕಿದ್ರ ಪಿಆರ್ ಸಿಗತೈತಿ" ಎಂದು ಯಾವ ಏಜೆಂಟ ಹೇಳಿದರೂ ಆ ಮಾತಿನ ಮೇಲೆ ಸಾಲ ಎತ್ತಬೇಡಿ.

ಅರ್ಜಿ ಇರುವುದು ಖರೆ. ಸಾಮಾನ್ಯ ನಿಯಮಗಳಿಗೆ ಹೊಂದದವರಿಗೂ ಕಾಯಂ ವಾಸದ ಅನುಮತಿ (ಪಿಆರ್) ಕೊಡುವ ಅಧಿಕಾರ ಕೆನಡಾದ 2001ರ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ 25ನೇ ಕಲಮಿನಲ್ಲಿದೆ. ಆದರೆ ಅದು ವಿನಾಯಿತಿ, ಹಕ್ಕಲ್ಲ. 2025ಕ್ಕೆ ಆ ದೇಶ ಇಟ್ಟುಕೊಂಡ 3,95,000 ಕಾಯಂ ನಿವಾಸಿಗಳ ಗುರಿಯಲ್ಲಿ ಈ ವರ್ಗಕ್ಕೂ ಇತರ ಕೆಲವಕ್ಕೂ ಸೇರಿ ಸಿಕ್ಕ ಪಾಲು 10,000.

ತಪ್ಪು ಕಲ್ಪನೆ: ಅರ್ಜಿ ಹಾಕಿದೊಡನೆ ಅಲ್ಲೇ ಇರಬಹುದು, ದುಡಿಯಬಹುದು.

ಸತ್ಯ: ಎಲ್ಲಕ್ಕಿಂತ ಅಪಾಯದ ನಂಬಿಕೆ ಇದೇ. ಅರ್ಜಿಯಿಂದ ವೀಸಾ ಅವಧಿ ಬೆಳೆಯುವುದಿಲ್ಲ, ಗಡೀಪಾರು ನಿಲ್ಲುವುದಿಲ್ಲ, ಕೆಲಸದ ಪರವಾನಗಿಯೂ ಸಿಗುವುದಿಲ್ಲ. ಮೊದಲ ಹಂತದಲ್ಲಿ ಒಪ್ಪಿಗೆ ಬಂದ ಮೇಲಷ್ಟೇ ಪರವಾನಗಿ ಕೇಳಬಹುದು. ಅಲ್ಲಿಯವರೆಗೆ ಕದ್ದು ದುಡಿದ ಹುಡುಗ ಕೂಲಿ ಕೊಡದ ಮಾಲೀಕನ ಮೇಲೆ ದೂರು ಕೊಡಲೂ ಹೆದರಬೇಕು.

ತಪ್ಪು ಕಲ್ಪನೆ: ಊರಲ್ಲಿ ಬರ, ಮನೆಯಲ್ಲಿ ಸಾಲ ಎಂದು ಬರೆದರೆ ಸಾಕು.

ಸತ್ಯ: ಸಾಲದು. ವಾಪಸಾದರೆ ಈ ಒಬ್ಬ ವ್ಯಕ್ತಿಗೆ ಏನಾಗುತ್ತದೆ, ಕೆನಡಾದಲ್ಲಿ ಅವನ ಬದುಕು ಎಷ್ಟು ಬೇರೂರಿದೆ, ಆರೋಗ್ಯ ಹೇಗಿದೆ, ಮಕ್ಕಳ ಹಿತ ಏನು ಎಂಬುದನ್ನೆಲ್ಲ ಪುರಾವೆಯೊಂದಿಗೆ ತೋರಿಸಬೇಕು. ಹನ್ನೊಂದು ವರ್ಷ ಮನೆಗೆಲಸ ಮಾಡಿ, ಅಲ್ಲೇ ನಾಲ್ಕು ಮಕ್ಕಳನ್ನು ಹೆತ್ತ ಜಮೈಕಾದ ಮೇವಿಸ್ ಬೇಕರ್ ಪ್ರಕರಣದಲ್ಲಿ, ಮಕ್ಕಳ ಹಿತವನ್ನು ಕಡೆಗಣಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತು. 2015ರಲ್ಲಿ ಶ್ರೀಲಂಕಾದ ತಮಿಳು ಹುಡುಗ ಕಾಂತಸಾಮಿಯ ಪ್ರಕರಣದಲ್ಲಿ, ಕಷ್ಟಗಳನ್ನು ಬಿಡಿಬಿಡಿಯಾಗಿ ತೂಗದೆ ಒಟ್ಟಾಗಿ ನೋಡಬೇಕು ಎಂದಿತು. ಎರಡೂ ನ್ಯಾಯದ ತೀರ್ಪುಗಳೇ. ಆದರೂ ಮಗುವಿದ್ದ ಮಾತ್ರಕ್ಕೆ ಅನುಮತಿ ಖಚಿತವಲ್ಲ.

ಊರಿನಿಂದ ತರಿಸುವ ಮರಾಠಿ ಕಾಗದಗಳು, ಜನ್ಮದಾಖಲೆಯಿಂದ ಹೊಲದ ಸಾತಬಾರಾ ಉತಾರಾದವರೆಗೆ, ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದದೊಂದಿಗೇ ಹೋಗಬೇಕು.

ತಪ್ಪು ಕಲ್ಪನೆ: ಮೊದಲು ಆಶ್ರಯ ಕೇಳೋಣ, ಸೋತರೆ ಇದು ಇದ್ದೇ ಇದೆ.

ಸತ್ಯ: ನಿರಾಶ್ರಿತನೆಂಬ ಕೋರಿಕೆ ತಿರಸ್ಕೃತವಾದರೆ ಸಾಮಾನ್ಯವಾಗಿ 12 ತಿಂಗಳು ಈ ಬಾಗಿಲು ಮುಚ್ಚಿರುತ್ತದೆ. ಗಡೀಪಾರಿನಿಂದ ಮಗುವಿಗೆ ಕೆಡುಕಾಗುವ, ತಾಯ್ನಾಡಿನಲ್ಲಿ ಚಿಕಿತ್ಸೆ ಸಿಗದೆ ಜೀವಕ್ಕೆ ಅಪಾಯವಿರುವ ಸಂದರ್ಭಗಳು ಇದಕ್ಕೆ ಹೊರತು. ಕಿರುಕುಳದ ಸುಳ್ಳು ಕಥೆ ಕಟ್ಟಿಸುವ ಏಜೆಂಟ ಹುಡುಗನಿಗೆ ಎರಡು ಸಲ ದ್ರೋಹ ಮಾಡುತ್ತಾನೆ. ಒಂದು ದಾರಿ ಸುಳ್ಳಿನಿಂದ ಕೆಡುತ್ತದೆ, ಇನ್ನೊಂದು ದಾರಿ ಸಾಮಾನ್ಯವಾಗಿ ಒಂದು ವರ್ಷ ಮುಚ್ಚಿರುತ್ತದೆ.

ಮಾನವೀಯತೆಯ ಅರ್ಜಿ ತಿರಸ್ಕಾರವಾದರೆ ಮೇಲ್ಮನವಿಯ ಹಕ್ಕಿಲ್ಲ. ಫೆಡರಲ್ ಕೋರ್ಟಿನ ಪರಿಶೀಲನೆ ಕೋರಬಹುದು, ಅದಕ್ಕೂ ಮೊದಲು ಕೋರ್ಟಿನ ಅನುಮತಿ ಬೇಕು, ಗಡುವು 15 ದಿನ.

ಹಣ ಪಡೆದು ಇಂಥ ಅರ್ಜಿಯಲ್ಲಿ ಪ್ರತಿನಿಧಿಯಾಗಲು ಕಾನೂನಿನಲ್ಲಿ ಅವಕಾಶ ಇರುವುದು ಅಲ್ಲಿ ನೋಂದಾಯಿತ ವಕೀಲರು ಮುಂತಾದ ಕಾನೂನು ವೃತ್ತಿಯವರಿಗೆ ಮತ್ತು ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟಂಟ್ಸ್ ಸಂಸ್ಥೆಯ ಪರವಾನಗಿ ಪಡೆದ ಸಲಹೆಗಾರರಿಗೆ ಮಾತ್ರ. ಆ ಸಂಸ್ಥೆಯ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಸೊಲ್ಲಾಪುರವಿರಲಿ, ಪುಣೆಯಿರಲಿ, ಒಂದು ರೂಪಾಯಿ ಕೈಬಿಡುವ ಮುಂಚೆ ಆ ಪಟ್ಟಿಯಲ್ಲಿ ಅವರ ಹೆಸರು ಹುಡುಕಿ.