ಚೆಲ್ಲಾಟ ಯಾರದು? ಮ್ಯುಸೆಯ ನಾಟಕವೊಂದರಲ್ಲಿ ಪ್ರಣಯ ಮತ್ತು ವಚನಭಂಗ

ಫ್ರೆಂಚ್ ರಮ್ಯಪಂಥದ ಕವಿ ಆಲ್ಫ್ರೆಡ್ ದ ಮ್ಯುಸೆಯ (1810-1857) 'ಒಂ ನ ಬದೀನ್ ಪಾ ಅವೆಕ್ ಲಾಮೂರ್' 1834ರಲ್ಲಿ ಪ್ರಕಟವಾದ ಮೂರಂಕದ ಗದ್ಯನಾಟಕ. 1830ರಲ್ಲಿ ತನ್ನ ನಾಟಕವೊಂದು ರಂಗದ ಮೇಲೆ ಸೋತ ಬಳಿಕ ಮ್ಯುಸೆ ಓದುಗರಿಗಾಗಿಯೇ ನಾಟಕ ಬರೆಯತೊಡಗಿದ್ದನು. ಇದು ರಂಗವೇರಿದ್ದು ಅವನ ಮರಣಾನಂತರ, 1861ರಲ್ಲಿ. ಜಾರ್ಜ್ ಸ್ಯಾಂಡಳೊಡನೆ ಅವನಿಗಿದ್ದ ಪ್ರಣಯ ವೆನಿಸ್‌ನಲ್ಲಿ ಬಿರುಕುಬಿಟ್ಟ ವರ್ಷವೇ ಕೃತಿ ಹೊರಬಂದುದರಿಂದ ಅದನ್ನು ಆತ್ಮಕಥನವಾಗಿ ಓದುವುದು ರೂಢಿ. ಈ ಓದು ನಿರಾಧಾರವಲ್ಲ. ಸ್ಯಾಂಡಳ ಪತ್ರದ ಮಾತುಗಳು ನಾಯಕನ ಬಾಯಲ್ಲಿ ಬಂದಿವೆ. ಆದರೆ ನಾಟಕದಲ್ಲಿ ದ್ರೋಹಕ್ಕೊಳಗಾದವರು ಯಾರೆಂಬುದನ್ನು ಪತ್ರಗಳು ಹೇಳಲಾರವು.

21ರ ಪೆರ್ದಿಕಾನ್ ವಿದ್ಯಾಭ್ಯಾಸ ಮುಗಿಸಿ, 18ರ ಕಮೀಯ್ ಕಾನ್ವೆಂಟಿನಿಂದ, ಹತ್ತು ವರ್ಷಗಳ ನಂತರ ಊರಿಗೆ ಮರಳುತ್ತಾರೆ. ಇವರ ವಿವಾಹ ಹಿರಿಯರ ಆಶಯ. ಕಮೀಯ್ ಒಲ್ಲೆನೆನ್ನುತ್ತಾಳೆ. ಪುರುಷರ ಚಂಚಲತೆಯನ್ನು ಅವಳು ಸಂನ್ಯಾಸಿನಿ ಲೂಯಿಸಳಿಂದ ಕೇಳಿದ್ದಾಳೆ. ವಂಚನೆಯ ಅನುಭವ ಅವಳಿಗಿಲ್ಲ; ಇರುವುದು ಶ್ರುತಜ್ಞಾನ ಮಾತ್ರ. ಪ್ರೀತಿಸುವ ಮೊದಲೇ ದ್ರೋಹವನ್ನು ನಂಬಿದವಳು ಈಕೆ.

ಮುನಿದ ಪೆರ್ದಿಕಾನ್, ಕಮೀಯಳ ಹಾಲುಸೋದರಿಯಾದ ರೈತಹುಡುಗಿ ರೊಸೆತಳನ್ನು ಓಲೈಸುತ್ತಾನೆ. ಮರೆಯಲ್ಲಿ ನಿಂತ ಕಮೀಯ್ ಕಾಣಲೆಂದೇ ರೊಸೆತಳ ಕೊರಳಿಗೆ ತನ್ನ ಸರ ತೊಡಿಸಿ, ಕಮೀಯ್ ಕೊಟ್ಟ ಉಂಗುರವನ್ನು ನೀರಿಗೆಸೆಯುತ್ತಾನೆ. ವಿಮರ್ಶೆ ಇಲ್ಲಿ ಉಂಗುರವನ್ನೇ ಹೆಚ್ಚು ನೋಡಿದೆ. ಸರದ ಕಡೆಗೂ ನೋಡಬೇಕು: ಮುರಿಯಲೆಂದೇ ಕೊಟ್ಟ ವಚನದ ಗುರುತು ಅದು.

ಗಾದೆಯೊಂದನ್ನು ನಾಟಕವಾಗಿ ಆಡಿ, ಆ ಗಾದೆ ಯಾವುದೆಂದು ಊಹಿಸಲು ಪ್ರೇಕ್ಷಕರಿಗೆ ಬಿಡುವ 'ಪ್ರೊವೆರ್ಬ್' ಎಂಬ ಪ್ರಕಾರ ಫ್ರೆಂಚ್ ಶ್ರೀಮಂತರ ದಿವಾನಖಾನೆಗಳಲ್ಲಿ ಬೆಳೆದದ್ದು. ಮ್ಯುಸೆ ಉತ್ತರವನ್ನು ಶೀರ್ಷಿಕೆಯಲ್ಲೇ ಇಟ್ಟಿದ್ದಾನೆ: ಪ್ರೇಮದೊಡನೆ ಚೆಲ್ಲಾಟ ಸಲ್ಲದು. 'ಬದಿನೆ' ಎಂಬ ಕ್ರಿಯಾಪದಕ್ಕೆ 'ಚೆಲ್ಲಾಟ'ಕ್ಕಿಂತ ಸಮೀಪದ ಕನ್ನಡ ಪದ ನನಗೆ ತೋಚಿಲ್ಲ. ಆದರೆ ಆ ಪದ ಬರುತ್ತಲೇ ಬೆಕ್ಕು-ಇಲಿಯ ನಮ್ಮ ಗಾದೆಯೂ ಹಿಂದೆಯೇ ಬರುತ್ತದೆ. ಫ್ರೆಂಚ್ ಶೀರ್ಷಿಕೆ ಎಚ್ಚರಿಸುವುದು ಆಡುವವರನ್ನು. ನಮ್ಮ ಗಾದೆ ಇಲಿಯ ಪ್ರಾಣಸಂಕಟವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅನುವಾದದಲ್ಲಿ ಇದು ಲಾಭವೋ ನಷ್ಟವೋ ಚರ್ಚಾರ್ಹ. ನಾನಂತೂ ಲಾಭವೆಂದೇ ಭಾವಿಸುತ್ತೇನೆ. ಏಕೆಂದರೆ ನಾಟಕದ ರಚನೆ ಶೀರ್ಷಿಕೆಗಿಂತ ರೊಸೆತಳಿಗೆ ಹೆಚ್ಚು ನ್ಯಾಯ ಸಲ್ಲಿಸುತ್ತದೆ.

ಮರೆಯಲ್ಲಿ ನಿಂತು ಕೇಳುವ ಸನ್ನಿವೇಶ ಇಲ್ಲಿ ಮೂರು ಸಲ ಬರುತ್ತದೆ. ಮೊದಲನೆಯದು ಪೆರ್ದಿಕಾನ್ ಹೂಡಿದ್ದು. ಎರಡನೆಯದು ಕಮೀಯಳದು: ರೊಸೆತಳನ್ನು ಪರದೆಯ ಹಿಂದೆ ಅಡಗಿಸಿ, ಅವನ ಬಾಯಿಂದ ತನ್ನ ಮೇಲಿನ ಪ್ರೇಮವನ್ನು ಹೊರಡಿಸುತ್ತಾಳೆ, ಕೇಳಿದ ಹುಡುಗಿ ಮೂರ್ಛೆಹೋಗುತ್ತಾಳೆ. ಮೂರನೆಯದನ್ನು ಯಾರೂ ಹೂಡಿಲ್ಲ. ಪ್ರಾರ್ಥನಾಮಂದಿರದಲ್ಲಿ ಇಬ್ಬರೂ ಮೊದಲ ಬಾರಿಗೆ ನಿಜ ನುಡಿದು ಅಪ್ಪಿಕೊಂಡಾಗ ಪೀಠದ ಹಿಂದಿನಿಂದ ಚೀತ್ಕಾರ ಕೇಳುತ್ತದೆ. ರೊಸೆತ್ ತಾನಾಗಿ ಹಿಂಬಾಲಿಸಿ ಬಂದಿದ್ದಳು. ಹೋಗಿ ನೋಡಿದ ಕಮೀಯ್ ಅವಳ ಸಾವನ್ನು ತಿಳಿಸಿ, ಪೆರ್ದಿಕಾನನಿಗೆ ವಿದಾಯ ಹೇಳುತ್ತಾಳೆ. ನಾಟಕ ಅಲ್ಲಿಗೇ ನಿಲ್ಲುತ್ತದೆ, ಪೆರ್ದಿಕಾನನಿಗೆ ಮರುಮಾತಿಲ್ಲ.